ಏಳಲೊಲ್ಲದ ಕಂಪ್ಯೂಟರ್

“ಗುರುಗಳೇ, ಕಲಿಸಿದ್ದು ತಲೆಗೆ ಹೋಗದಿದ್ದರೆ ತಪ್ಪು ಪಾಠದ್ದೋ, ಕಲಿಯುವವರದ್ದೋ?” ಎಂದು ಶಿಷ್ಯ ಕೇಳಿದ.

ಮಠದಲ್ಲಿ ಸಂಜೆ ಹೊತ್ತು ಊರಿನ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಅವನದು. ಆರು ತಿಂಗಳಲ್ಲಿ ಎಲ್ಲರೂ ತಮ್ಮ ಹೆಸರು ಬರೆಯುವಷ್ಟು ಕಲಿತಿದ್ದರು, ಫಕೀರವ್ವ ಒಬ್ಬಳನ್ನು ಬಿಟ್ಟು. ಯುಗಾದಿಯ ಮರುದಿನ ಗಂಡನನ್ನು ಕಳೆದುಕೊಂಡ ಹೆಂಗಸು. ಹೆಬ್ಬೆಟ್ಟು ಒತ್ತಿ ಸಾಕಾಗಿದೆ, ಸಹಿ ಕಲಿಸಪ್ಪ ಎಂದು ತಾನಾಗಿಯೇ ಬಂದು ಸೇರಿದ್ದಳು.

“ಪಾಟಿ ಬದಲಿಸಿದೆ, ಪುಸ್ತಕ ಬದಲಿಸಿದೆ, ನೂರು ಸಲ ತಿದ್ದಿಸಿದೆ. ಅವಳ ಕಣ್ಣು ಮಾತ್ರ ಕಿಟಕಿಯಾಚೆಯ ಹುಣಸೆಮರ ಬಿಟ್ಟು ಕದಲುವುದಿಲ್ಲ. ನಾಳೆಯಿಂದ ಬರಬೇಡ ಎಂದು ಹೇಳಿಬಿಡಲೇ?”

ಹೇಳುತ್ತಾ ಅವನ ದನಿ ಇಳಿಯಿತು. ಹಾಗೆ ಹೇಳಲು ಅವನಿಗೂ ಮನಸ್ಸಿರಲಿಲ್ಲ. ಗುರುಗಳಿಗೆ ಅದು ತಿಳಿಯಿತು. ಅವರು ನಕ್ಕು, “ಕೂತುಕೋ ಮಗು. ನಿನ್ನಂಥ ಅವಸರದವನೇ ಇನ್ನೊಬ್ಬನಿದ್ದ” ಎಂದು ಕತೆ ಶುರು ಮಾಡಿದರು.

ತಾಲ್ಲೂಕು ಕಚೇರಿಯ ಎದುರು ಒಬ್ಬ ಹೆಂಗಸು ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಅವಳ ಹೊಟ್ಟೆಪಾಡು ಅದರಿಂದಲೇ. ಒಂದು ದಿನ ಕಂಪ್ಯೂಟರ್ ಏಳಲಿಲ್ಲ. ರಿಪೇರಿಯವನು ಬಂದು ನೋಡಿದ. ಒಳಗಿನ ಡಿಸ್ಕ್ ಕೆಟ್ಟಿತ್ತು. ಹೊಸದು ಬರುವವರೆಗೆ ಕೆಲಸ ನಿಲ್ಲಬಾರದೆಂದು, ಕಂಪ್ಯೂಟರನ್ನು ಎಬ್ಬಿಸಲು ಬೇಕಾದುದನ್ನೆಲ್ಲ ಒಂದು ಪೆನ್ ಡ್ರೈವ್‌ಗೆ ತುಂಬಿ ತಂದು ಚುಚ್ಚಿದ. ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಉಳಿಯಿತು.

ಪೆನ್ ಡ್ರೈವ್ ಸರಿಯಿಲ್ಲವೆಂದು ಇನ್ನೊಂದನ್ನು ತಯಾರು ಮಾಡಿದ. ಅದಕ್ಕೂ ಏಳಲಿಲ್ಲ. ಮುಂದೆ ಚುಚ್ಚಿದ, ಹಿಂದೆ ಚುಚ್ಚಿದ. ಅವೇ ಪೆನ್ ಡ್ರೈವ್‌ಗಳನ್ನು ತನ್ನ ಕಂಪ್ಯೂಟರಿಗೆ ಹಾಕಿದರೆ ಅದು ತಟ್ಟನೆ ಎದ್ದಿತು. ಮೂರು ದಿನ ಹೀಗೇ ಹೆಣಗಿದ. ಅರ್ಜಿಯವರು ಬಂದು ಬಂದು ಹಿಂದಿರುಗಿದರು.

“ಯಕ್ಕಾ, ನನ್ನ ಪೆನ್ ಡ್ರೈವ್ ಸರಿ ಐತಿ. ಇದ್ರಾಗ ಜೀವ ಇಲ್ಲ. ಗುಜರಿಗೆ ಹಾಕಿಬಿಡ್ರಿ” ಎಂದ.

ಒಂಬತ್ತು ವರ್ಷ ಅದರ ಮುಂದೆ ಕೂತವಳು ಒಪ್ಪಲಿಲ್ಲ. ಇನ್ನೊಂದು ಸಲ ಗುಂಡಿ ಒತ್ತಿಸಿ, ಸುಮ್ಮನೆ ನೋಡುತ್ತಾ ಕೂತಳು.

“ತಮ್ಮಾ, ಹಳೇ ಡಿಸ್ಕಿಂದು ಆ ಕೆಂಪು ದೀಪ ನೋಡು, ಮಿಣಕ್ ಮಿಣಕ್ ಅಂತೈತಿ. ವರ್ಗಾ ಆಗಿ ಹೋದ ಸಾಹೇಬ್ರ ಬಾಗಿಲ ಮುಂದ ಅರ್ಜಿ ಹಿಡಕೊಂಡು ಕಾಯತಾರಲ್ಲ ಮಂದಿ, ಇದೂ ಹಂಗ ಕಾಯಾಕತ್ತೈತೇನು?”

ರಿಪೇರಿಯವನು ಹಣೆ ಚಚ್ಚಿಕೊಂಡ. ಎದ್ದ ಕೂಡಲೇ ಮೊದಲು ಯಾವ ಕಡೆ ನೋಡಬೇಕು ಎಂಬುದು ಪ್ರತಿ ಕಂಪ್ಯೂಟರಿನ ಒಳಗೂ ಬರೆದಿರುತ್ತದೆ. ಇದು ಒಂಬತ್ತು ವರ್ಷ ನೋಡಿದ ಕಡೆಗೇ ನೋಡುತ್ತಿತ್ತು. ಅಲ್ಲಿಂದ ಇನ್ನು ಉತ್ತರ ಬರುವುದಿಲ್ಲ ಎಂದು ಅದಕ್ಕೆ ತಿಳಿದಿರಲಿಲ್ಲ. ಪಕ್ಕದಲ್ಲೇ ಇದ್ದ ಪೆನ್ ಡ್ರೈವನ್ನು ಅದು ನೋಡಿಯೇ ಇರಲಿಲ್ಲ. ಅವನು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಅದು ಏಳುವ ಗಳಿಗೆಗೆ ಸರಿಯಾಗಿ ಕೀಲಿಮಣೆಯ ಒಂದು ಕೀಲಿ ಒತ್ತಿ, ಮೊದಲು ಈ ಕಡೆ ನೋಡು ಎಂದು ಬದಲಿಸಿದ. ಕಂಪ್ಯೂಟರ್ ಎದ್ದಿತು. ಆ ಹೆಂಗಸು ಸೆರಗಿನಿಂದ ಪರದೆ ಒರೆಸಿ, ಮೊದಲ ಅರ್ಜಿ ಟೈಪ್ ಮಾಡಲು ಕೂತಳು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. “ಹಾಗಾದರೆ ತಪ್ಪು ಪಾಠದ್ದೂ ಅಲ್ಲ, ಫಕೀರವ್ವನದೂ ಅಲ್ಲ. ಅವಳನ್ನು ಈ ಕಡೆ ತಿರುಗಿಸಬೇಕು, ಅಷ್ಟೇ. ನಾಳೆಯೇ ಆ ಕಿಟಕಿ ಮುಚ್ಚಿಬಿಡುತ್ತೇನೆ” ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

“ಆ ಹುಣಸೆಮರದ ಬುಡದಲ್ಲಿ ನಾವು ಯಾರಿಗೆ ಮಣ್ಣು ಕೊಟ್ಟೆವು, ಮಗು?”

ಯುಗಾದಿಯ ಮರುದಿನ ಆ ಗುಣಿಗೆ ಮಣ್ಣು ಹಾಕಿದವರಲ್ಲಿ ಶಿಷ್ಯನೂ ಒಬ್ಬ. ಅವನ ಕಣ್ಣೂ ಆ ಮರದ ಕಡೆ ತಿರುಗಿತು.