ಹುಳಿ ಮಜ್ಜಿಗೆ, ಪ್ರಸಾದದ ಬೆಲ್ಲ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಶಿಷ್ಯ ಕಲ್ಲಿನಾಥ ಹಾಡದೆ ಅಲ್ಲಿ ಬೆಳಗೇ ಆಗುವುದಿಲ್ಲ ಎಂದು ಊರವರು ತಮಾಷೆ ಮಾಡುತ್ತಿದ್ದರು.

ತಪ್ಪಿಲ್ಲದೆ ಹಾಡಿದ ಶಿಷ್ಯನಿಗೆ ಗುರು ಮಡಿವಾಳಜ್ಜ ಕೈಯಾರೆ ಒಂದುಂಡೆ ಬೆಲ್ಲ ಕೊಡುವುದು ಮಠದ ವಾಡಿಕೆ. ಕಲ್ಲಿನಾಥನಿಗೆ ಸಿಕ್ಕಷ್ಟು ಬೆಲ್ಲ ಇನ್ನಾರಿಗೂ ಸಿಕ್ಕಿರಲಿಲ್ಲ. ಒಂದಿಷ್ಟು ತಿಂದು, ಮಿಕ್ಕದ್ದನ್ನು ಗಡಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ.

ಒಮ್ಮೆ ಅವನಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ನಾಲಿಗೆಯ ಮೇಲೆ ಮೊಸರು ಮೆತ್ತಿದಂತೆ ಬಿಳಿ ಪೊರೆ ಕೂತಿತು. ಬಾಯೆಲ್ಲ ಉರಿ, ಹೊಟ್ಟೆ ಉಬ್ಬರ. ಹಾಡಲು ಬಾಯಿ ತೆರೆದರೆ ಕಣ್ಣಲ್ಲಿ ನೀರು.

“ಅಜ್ಜಾ, ಹಾಡ ಹೋದ್ರ ನಾ ಯಾತಕ್ಕ ಬೇಕ್ರಿ?” ಎಂದು ಅತ್ತೇಬಿಟ್ಟ.

ಅಜ್ಜ ನಾಲಿಗೆ ಹೊರಗೆ ಹಾಕಿಸಿ ನೋಡಿದ.

“ಹುಳಿ ಮಜ್ಜಿಗಿಗೆ ಬಳ್ಳೊಳ್ಳಿ ಜಜ್ಜಿ ಹಾಕ್ಕೊಂಡು ಕುಡಿ. ಕೊಬ್ಬರಿ ಎಣ್ಣಿ ಮುಕ್ಕಳಿಸು. ಸಿಹಿ ಮುಟ್ಟಬ್ಯಾಡ.”

“ಹಾಡೂದು?”

“ನಾಲಿಗಿ ತಿಳಿ ಆಗೂತನಕ ಬರೇ ಕೇಳು.”

ಹುಣ್ಣಿಮೆ ಹೋಗಿ ಅಮಾವಾಸ್ಯೆ ಬಂತು. ಪೊರೆ ಮಾತ್ರ ಜಗ್ಗಲಿಲ್ಲ. ಬೆಳಗಿನ ಹಾಡನ್ನು ಬೇರೆಯವರು ಹಾಡುವಾಗ ಕಲ್ಲಿನಾಥ ಮೂಲೆಯಲ್ಲಿ ಕೂತು ಬರೀ ತುಟಿ ಆಡಿಸುತ್ತಿದ್ದ.

ಒಂದು ಬೆಳಗ್ಗೆ ಅಜ್ಜ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲೊಂದನ್ನು ನೋಡುತ್ತಿದ್ದ. ಕೂತಲ್ಲೇ ಸರಿಯುತ್ತ ಸರಿಯುತ್ತ ಅದರ ಹಿಂದೆಯೇ ಕಲ್ಲಿನಾಥನ ಕೋಣೆ ಹೊಕ್ಕ. ಸಾಲು ಹೋಗಿ ಮುಟ್ಟಿದ್ದು ಅವನ ಮಜ್ಜಿಗೆ ಲೋಟಕ್ಕೆ.

“ಇರುವಿ ಯಾವಾಗಿಂದ ಹುಳಿ ಮಜ್ಜಿಗಿ ಕುಡ್ಯಾಕ ಹತ್ಯಾವೋ?”

ಕಲ್ಲಿನಾಥ ತಲೆ ತಗ್ಗಿಸಿದ. “ಭಾಳ ಹುಳಿ ಇತ್ರಿ. ಗಡಿಗ್ಯಾಗಿನ ಬೆಲ್ಲ ಕರಗಿಸಿ ಕುಡೀತಿದ್ದೆ.”

“ಸಿಹಿ ಮುಟ್ಟಬ್ಯಾಡ ಅಂದಿದ್ನಲ್ಲೋ?”

“ಅದು ಸಿಹಿ ಹೆಂಗಾಗತೈತ್ರಿ ಅಜ್ಜಾ? ನಿಮ್ಮ ಕೈಯಿಂದ ಬಂದದ್ದು. ಪ್ರಸಾದ!”

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಅವನ ನಾಲಿಗೆಯತ್ತ ಬೆರಳು ಮಾಡಿದ.

“ಅಲ್ಲಿ ಬೆಳ್ಳಗ ಕುಂತಾವನೂ ದೊಡ್ಡ ಭಕ್ತ ಆಗ್ಯಾನ. ದಿನಾ ಪ್ರಸಾದ ತಿಂದು ಮೈ ಬೆಳಸ್ಯಾನ.”

ಕಲ್ಲಿನಾಥನಿಗೂ ನಗು ತಡೆಯಲಾಗಲಿಲ್ಲ. ಉರಿಯುವ ಬಾಯಲ್ಲೇ ನಕ್ಕ. ಗಡಿಗೆ ಹೊತ್ತೊಯ್ದು ಬೇವಿನ ಮರದ ಬುಡದಲ್ಲಿ ಸುರಿದು ಬಂದ. ಅಂದಿನಿಂದ ಮೂಗು ಹಿಡಿದು, ಮುಖ ಕಿವುಚಿಕೊಂಡು ಬರೀ ಹುಳಿ ಮಜ್ಜಿಗೆ ಕುಡಿದ.

ಪೊರೆ ಸ್ವಲ್ಪ ಸ್ವಲ್ಪವೇ ಬಿಟ್ಟಿತು. ನಾಲಿಗೆ ಮೊದಲಿನ ಹಾಗೆ ಕೆಂಪಗಾಯಿತು, ಹೊಟ್ಟೆ ಹಗುರಾಯಿತು.

ಅವನು ಮತ್ತೆ ಹಾಡಿದ ಬೆಳಗ್ಗೆ, ಹೊಳೆಗೆ ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಒಂದಕ್ಷರವೂ ತಪ್ಪಲಿಲ್ಲ. ಕಲ್ಲಿನಾಥನಿಗೆ ಹೋದ ಜೀವ ಬಂದಷ್ಟು ಖುಷಿಯಾಯಿತು. ಕೇಳುತ್ತಿದ್ದ ಅಜ್ಜನ ಕಣ್ಣೂ ತೇವವಾಯಿತು.

ಅಜ್ಜ ವಾಡಿಕೆಯಂತೆ ಬೆಲ್ಲದುಂಡೆ ತೆಗೆದು ಅವನ ಅಂಗೈಯಲ್ಲಿಟ್ಟ.

ಕಲ್ಲಿನಾಥ ಅದನ್ನು ಕಣ್ಣಿಗೊತ್ತಿಕೊಂಡ. ಅಜ್ಜನ ಮುಖ ನೋಡಿದ. ಮೆಲ್ಲಗೆ ಎದ್ದುಹೋಗಿ ಬೇವಿನ ಬುಡದ ಇರುವೆಗಳ ಮುಂದೆ ಇಟ್ಟು ಬಂದ. ಬಂದ ಮೇಲೆ ಭಯವಾಯಿತು.

“ಪ್ರಸಾದ ಇರುವಿಗೆ ಹಾಕೀನ್ರಿ. ತಪ್ಪಾತೇನ್ರಿ ಅಜ್ಜಾ?”

“ಅವು ಬೆಲ್ಲ ತಿನ್ಲಿ ಬಿಡೋ. ಪ್ರಸಾದ ನೀ ಆಗಲೇ ಕುಡದೀಯಲ್ಲ, ಮುಖಾ ಕಿವುಚಿಕೊಂಡು!”