ದುಬೈಗೆ ಹೊರಟ ನಾಯಿ, ಕಳಿಸಿಕೊಟ್ಟ ಕರಿಬಸ

ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಜಾಣನೋ ಪೆದ್ದನೋ, ಕೇಳಿ ನೀವೇ ತೀರ್ಮಾನ ಮಾಡಿ.

ಒಬ್ಬಳು ದುಗ್ಗಮ್ಮ. ಅವಳಿಗೊಬ್ಬ ಮಗ, ಕರಿಬಸ. "ನಿನ್ನ ಬದಲು ಒಂದು ಒನಕೆ ಹೆತ್ತಿದ್ರೆ ಭತ್ತನಾದ್ರೂ ಕುಟ್ತಿತ್ತಲ್ಲೋ!" ಅಂತ ಅವಳು ಹಣೆ ಚಚ್ಚಿಕೊಳ್ಳದ ದಿನವಿಲ್ಲ.

ಇಬ್ಬರೂ ಒಂದು ದೊಡ್ಡ ಮನೆಯ ಚಾಕರಿ ಮಾಡಿಕೊಂಡು ಅದರ ಹಿತ್ತಲ ಕೋಣೆಯಲ್ಲಿದ್ದರು. ಮನೆಯವರು ದುಬೈಗೆ ಹೊರಟರು. ಕರುವಿನಷ್ಟು ಎತ್ತರದ ಅವರ ನಾಯಿ ಟೈಗರ್ ಕೂಡ ವಿಮಾನದಲ್ಲೇ ಹೋಗುವುದಿತ್ತು. ಯಜಮಾನಿ ಶೈಲಜಮ್ಮ ಕರೆದು ಹೇಳಿದಳು: "ದುಗ್ಗೀ, ಟೈಗರ್ ಸರಿಯಾಗಿ ವಿಮಾನ ಹತ್ತಿದ್ರೆ ಕೋಣೇಲಿರು. ಹತ್ತಲಿಲ್ಲ, ಗಂಟುಮೂಟೆ ಕಟ್ಟು!"

ಜೀವಮಾನವೆಲ್ಲ ಪಾತ್ರೆ ತಿಕ್ಕಿದವಳ ಸೂರನ್ನು ನಾಯಿಯ ಬಾಲಕ್ಕೆ ಕಟ್ಟಿದರು! ಇದೂ ಒಂದು ನ್ಯಾಯ.

ಮೊದಲು ನಾಯಿಗೆ ಸೂಜಿ ಹಾಕಿಸಬೇಕು. "ಏನೇ ಆಗ್ಲಿ, ಹಗ್ಗ ಮಾತ್ರ ಬಿಡಬ್ಯಾಡ!" ಅಂದಳು ದುಗ್ಗಮ್ಮ. ಕರಿಬಸ ಹೋದ. ಸೂಜಿ ಕಂಡ ಟೈಗರ್ ಪಟ್ಟಿಯಿಂದ ಕತ್ತು ಕಿತ್ತುಕೊಂಡು ಮನೆಗೆ ಓಡಿತು. ಹಿಂದೆಯೇ ಕರಿಬಸ ಬಂದ, ಬರೀ ಹಗ್ಗ ಎಳೆದುಕೊಂಡು. "ಅವ್ವಾ, ಹಗ್ಗ ಬಿಡಲಿಲ್ಲ ನೋಡು!"

"ಥೂ ಪೆದ್ದ! ನಾಯಿಗೆ ಸೀರೆ ಸುತ್ತಿ ಎದೆಗವಚಿಕೊಂಡು ತರಬಾರದಾಗಿತ್ತಾ?"

"ಇನ್ಮ್ಯಾಲೆ ಹಂಗೇ ಮಾಡ್ತೀನವ್ವ."

ಮರುದಿನ ನಾಯಿಯನ್ನು ವಿಮಾನಕ್ಕೆ ಹಾಕುವ ಪಂಜರ ತರಲು ಕಳಿಸಿದರು. ಹಂಗೇ ಮಾಡಿದ! ಅವ್ವನ ಸೀರೆ ಸುತ್ತಿ, ಕಬ್ಬಿಣದ ಪಂಜರ ಎದೆಗವಚಿಕೊಂಡು, "ಹೆದರಬ್ಯಾಡ ಬಂಗಾರ" ಅನ್ನುತ್ತ ಬಂದ. ದಾರಿ ಕಾಣಲಿಲ್ಲ. ಚರಂಡಿಗೆ ಬಿದ್ದ, ಸೀರೆ ಸಮೇತ.

"ಥೂ ಪೆದ್ದ! ಪಂಜರ ಇರೋದು ಎತ್ತಿ ಆಡಿಸೋಕಲ್ಲ! ನೆಲಕ್ಕಿಟ್ಟು ಒಳಗೆ ಬಿಸ್ಕತ್ತು ಹಾಕು. ತಲೆ ತೂರಿಸಿದ ಕೂಡಲೇ ತಳ್ಳಿ ಚಿಲಕ ಹಾಕು!"

"ಇನ್ಮ್ಯಾಲೆ ಹಂಗೇ ಮಾಡ್ತೀನವ್ವ."

ನಾಯಿಯನ್ನು ಪರೀಕ್ಷೆ ಮಾಡಲು ಡಾಕ್ಟರೇ ಮನೆಬಾಗಿಲಿಗೆ ಬಂದರು. ದುಗ್ಗಮ್ಮನ ಮಂಡಿ ಬಾತು ಬೂದುಗುಂಬಳವಾದಾಗ ಯಾವ ಡಾಕ್ಟರೂ ಬಂದಿರಲಿಲ್ಲ. ಇರಲಿ. ಟೈಗರ್‌ಗೆ ತಿರುಗಲು ಜಾಗ ಇದೆಯಾ ಅಂತ ಡಾಕ್ಟರು ಬಗ್ಗಿ ಪಂಜರಕ್ಕೆ ತಲೆ ತೂರಿಸಿದರು. ಕರಿಬಸ ತಳ್ಳಿದ. ಚಿಲಕ ಹಾಕಿದ. "ಬಿಸ್ಕತ್ತು ತಿನ್ರಿ ಸಾರ್!"

ಹೊರಗೆ ಬಂದ ಡಾಕ್ಟರು ಕಿರುಚಿದರು: "ಪಂಜರದಲ್ಲಿ ಇಡಬೇಕಾದ್ದು ನನ್ನನ್ನಲ್ಲ ಕಣೋ! ಸಾಕಿದವರ ವಾಸನೆ ಇರೋದನ್ನ ಇಡು, ನಾಯಿ ಹೆದರೋದಿಲ್ಲ!"

"ಇನ್ಮ್ಯಾಲೆ ಹಂಗೇ ಮಾಡ್ತೀನಿ ಸಾರ್."

ಹೊರಡುವ ದಿನ ಪಂಜರದಲ್ಲಿಡಲು ಶೈಲಜಮ್ಮ ತನ್ನ ಶಾಲು ಕೊಟ್ಟಳು. ಟೈಗರ್ ಮೂಸಿ, ಸೀನಿ, ಮುಖ ತಿರುಗಿಸಿತು. ಕರಿಬಸ ಯೋಚನೆ ಮಾಡಿದ. ಅನ್ನ ಹಾಕಿದ್ದು ಯಾರು? ಮೈ ತೊಳೆದದ್ದು ಯಾರು? ಮೈಮೇಲಿನ ಉಣ್ಣಿಹುಳ ಹೆಕ್ಕಿದ್ದು ಯಾರು? ಎಲ್ಲಾ ನಾನೇ!

ನಾಯಿ ಒಯ್ಯಲು ಬಂದ ವ್ಯಾನಿನವರು ಶಾಲು ಮುಚ್ಚಿದ ಪಂಜರ ಎತ್ತಿದರು. "ಏನ್ ಭಾರನಪ್ಪಾ! ಕೂಳಿಗೇನು ಕಮ್ಮಿ, ದೊಡ್ಡೋರ ಮನೆ ನಾಯಿ!"

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಶಾಲು ತೆಗೆದ. ಒಳಗೆ ಕರಿಬಸ ಮುದುರಿ ಕೂತಿದ್ದ.

"ಯಾರೋ ನೀನು?"

"ನಾನು ವಾಸನೆ, ಸ್ವಾಮಿ! ನಾಯಿಗೆ ಜಾಗ ಸಾಲಲಿಲ್ಲ, ಕೋಣೇಲಿ ಬಿಟ್ಟು ಬಂದೆ."

ಶೈಲಜಮ್ಮ ಬಾಯಿ ಬಡಿದುಕೊಂಡಳು. ವಿಮಾನ ಕಾಯುತ್ತದೆಯೇ? "ನಾವು ಬಂದು ಟೈಗರ್‌ನ ಕರ್ಕೊಂಡು ಹೋಗೋತನಕ ನಿಮ್ಮವ್ವನೇ ನೋಡ್ಕೊಳ್ಳಲಿ! ಕೋಣೆ ಬಿಟ್ಟು ಅಲ್ಲಾಡಕೂಡದು ಅಂತ ಹೇಳು! ನೀನು ಮಾತ್ರ ಅದರ ಹತ್ತಿರ ಸುಳಿದೀಯ, ಜೋಕೆ!"

"ಇನ್ಮ್ಯಾಲೆ ಹಂಗೇ ಮಾಡ್ತೀನಮ್ಮ."

ವ್ಯಾನಿನವರು ಅವನನ್ನೂ ಪಂಜರವನ್ನೂ ಮನೆಯ ಮುಂದೆ ಇಳಿಸಿದರು. ಕಂಡದ್ದೇ ತಡ, ಟೈಗರ್ ಬಾಲ ಬೀಸುತ್ತ ಹಾರಿ ಬಂತು. ಕರಿಬಸ ಓಡಿದ. ಅದೂ ಓಡಿತು. "ಅವ್ವಾ, ಹಿಡ್ಕೊಳೇ! ನಾನು ಅದರ ಹತ್ತಿರ ಹೋಗಂಗಿಲ್ಲ!" ಓಡಿ ಓಡಿ ಸಾಕಾಗಿ ಪಂಜರ ಹೊಕ್ಕು, ಕೈ ತೂರಿಸಿ ತಾನೇ ಚಿಲಕ ಹಾಕಿಕೊಂಡ.

ಈಗ ಹಿತ್ತಲ ಕೋಣೆಯಲ್ಲಿ ದುಗ್ಗಮ್ಮನ ಪಕ್ಕ ಕಾಲು ಚಾಚಿ ಟೈಗರ್ ಮಲಗುತ್ತದೆ. ಕರಿಬಸ ಮಲಗುವುದು ಪಂಜರದಲ್ಲಿ. ದುಗ್ಗಮ್ಮ ಇಬ್ಬರಿಗೂ ಅನ್ನ ಹಾಕುತ್ತಾಳೆ.