ಎರಡು ಕರಿಬಟ್ಟೆ

ಹೆಂಗಸರು ಫೋಟೋ ತೆಗೆಯುವುದಿರಲಿ, ತೆಗೆಸಿಕೊಳ್ಳುವುದಕ್ಕೂ ಗಂಡಸರ ಅಪ್ಪಣೆ ಬೇಕಿದ್ದ ಕಾಲದಲ್ಲಿ ಕ್ಯಾಮೆರಾ ಹಿಡಿದವರು ತುಳಜಾಬಾಯಿ. ಈಗ ಮುದುಕಿ. ಮಲಪ್ರಭೆಯ ದಂಡೆಯಲ್ಲಿ ಅವರ ಸ್ಟುಡಿಯೋ. ಎಂದೋ ತೀರಿಹೋದವರೆಲ್ಲ ಅಲ್ಲಿ ಗಾಜಿನ ನೆಗೆಟಿವ್ ಪ್ಲೇಟುಗಳಲ್ಲಿ ಸಾಲಾಗಿ ನಿಂತಿದ್ದರು.

ಶಿಷ್ಯೆ ಇಂದುಮತಿಗೆ ಒಂದೇ ಹಂಬಲ. ತಾನು ತೆಗೆದದ್ದನ್ನು ಜನ ಕಲೆ ಎನ್ನಬೇಕು.

"ಅಕ್ಕಾರ, ಫೋಟೋ ಕಲೆ ಆಗೂದು ಯಾವಾಗ?"

"ಮೊದಲು ಆ ಕರಿಬಟ್ಟಿ ಹುಡುಕಿಡು. ನಾಳೆ ಕೂಸಿನ ಫೋಟೋ ಐತಿ."

ಕೂಸು ಅಲುಗಾಡದ ಹಾಗೆ ತಾಯಿ ಹಿಡಿದು ಕೂರಬೇಕು, ಆದರೆ ತಾಯಿ ಕಾಣಬಾರದು. ಅದಕ್ಕೇ ತಲೆಯಿಂದ ಕಾಲಿನವರೆಗೆ ಅವಳಿಗೆ ಕರಿಬಟ್ಟೆ ಹೊದಿಸುವುದು. ದೊಡ್ಡ ಮನೆತನಗಳು ಮಾಡಿಟ್ಟ ಪದ್ಧತಿ. ಯಾಕೆಂದು ಕೇಳಿದವರಿರಲಿಲ್ಲ.

ಅಷ್ಟರಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಹೆಸರು ಚಂದ್ರಭಾಗಾ.

"ನಮ್ಮವ್ವಂದು ಒಂದು ಫೋಟೋ ಇದ್ರ ಕೊಡ್ರೀ. ನಾ ಸಣ್ಣಾಕಿ ಇದ್ದಾಗ ತೀರಿಕೊಂಡ್ಲು. ಮುಖ ನೆನಪಿಲ್ಲ. ಮನ್ಯಾಗ ನಂದೊಂದು ಕೂಸಿನ ಫೋಟೋ ಐತಿ, ಇಲ್ಲೇ ತಗಿಸಿದ್ದು."

ಇಂದುಮತಿ ಕಪಾಟನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಆ ಕೂಸಿನ ಪ್ಲೇಟು ಮಾತ್ರ.

"ಇಲ್ರೀ. ನಿಮ್ಮದಷ್ಟ ಐತಿ."

ಚಂದ್ರಭಾಗಾ ತಲೆಯಾಡಿಸಿ ಹೊರಟಳು. ಇಂದುಮತಿ ಅವಳ ಹಿಂದೆ ಎರಡು ಹೆಜ್ಜೆ ಹೋದಳು. ಆದರೆ ಇಲ್ಲದ್ದನ್ನು ಎಲ್ಲಿಂದ ತರುವುದು?

"ಕುಂಡ್ರವಾ," ಎಂದರು ತುಳಜಾಬಾಯಿ. ಪ್ಲೇಟು ಇಸಿದುಕೊಂಡು ಕತ್ತಲಕೋಣೆಗೆ ಹೋದರು. ಹೊಸ ಪ್ರಿಂಟು ಹಾಕಿ, ಹೊಳೆಯಲ್ಲಿ ತೊಳೆದು, ನೀರು ಸೋರುತ್ತಿದ್ದ ಹಾಗೆಯೇ ತಂದರು.

ಚಂದ್ರಭಾಗಾಳ ಮನೆಯಲ್ಲಿದ್ದ ಫೋಟೋಗೆ ನಡುವೆ ಮೊಟ್ಟೆಯಾಕಾರದ ಕಿಂಡಿ ಕೊರೆದ ರಟ್ಟು ಕಟ್ಟಿತ್ತು. ಅದರಲ್ಲಿ ಕೂಸಿನ ಮುಖವಷ್ಟೇ. ಇಲ್ಲಿ ಇಡೀ ಪ್ಲೇಟು ಮೂಡಿತ್ತು. ಕೂಸಿನ ಹಿಂದೆ ಕರಿಬಟ್ಟೆಯ ಗುಡ್ಡೆ. ಅದರೊಳಗಿಂದ ಹೊರಬಂದ ಎರಡು ಕೈ ಕೂಸಿನ ಸೊಂಟ ಹಿಡಿದಿದ್ದವು. ಎಡಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು.

ಚಂದ್ರಭಾಗಾ ತನ್ನ ಎಡಗೈ ನೋಡಿಕೊಂಡಳು. ಅದೇ ಸೊಟ್ಟ ಕಿರುಬೆರಳು. ಅಲ್ಲೇ ಕೂತು ಅತ್ತಳು.

"ಜೋಗುಳ ಹಾಡತಿದ್ಲು ನಿಮ್ಮವ್ವ, ನೀ ಅಳಬಾರದಂತ," ಎಂದರು ತುಳಜಾಬಾಯಿ. ಆ ದಿನ ಅವರ ಕಣ್ಣ ಮುಂದೆಯೇ ಇದ್ದಂತಿತ್ತು. "ಆಕಿ ಆ ಕರಿಬಟ್ಟ್ಯಾಗ, ನಾ ಕ್ಯಾಮೆರಾದ ಹಿಂದ ತಲಿಮ್ಯಾಲ ಹೊದ್ದ ಕರಿಬಟ್ಟ್ಯಾಗ. ಇಬ್ಬರೂ ಬೆವತು ಹೋಗಿದ್ವಿ. ಕೈನೂ ಮುಚ್ಚಿಕೋ ಅನ್ನಾಕ ನನಗ ಬಾಯಿ ಬರಲಿಲ್ಲ."

ಚಂದ್ರಭಾಗಾ ಹಸಿ ಪ್ರಿಂಟನ್ನು ಎದೆಗವಚಿಕೊಂಡೇ ಹೋದಳು. ಸೆರಗು ಒದ್ದೆಯಾದದ್ದೂ ಅವಳಿಗೆ ತಿಳಿಯಲಿಲ್ಲ.

"ಅಕ್ಕಾರ, ಪ್ಲೇಟು ನನ್ನ ಕೈಯಾಗ ಇತ್ತು," ಎಂದಳು ಇಂದುಮತಿ. "ನಾ ಇಲ್ಲ ಅಂದ್ನಿ."

ತುಳಜಾಬಾಯಿ ಪ್ಲೇಟನ್ನು ಒರೆಸಿ ಕಪಾಟಿನಲ್ಲಿಟ್ಟರು.

ಇಂದುಮತಿ ಒಳಗಿನಿಂದ ಹಳೆಯ ಕರಿಬಟ್ಟೆ ತಂದಳು. "ಇದನ್ನ ಏನು ಮಾಡ್ಲಿ?"

"ಹೊಳ್ಯಾಗ ಒಗದು ಒಣಗಿಸು. ನಾಳೆ ಕುರ್ಚಿ ಮ್ಯಾಲ ಹಾಸು. ಕೂಸಿನ ತಾಯೀನ ಅದರ ಮ್ಯಾಲ ಕುಂಡ್ರಸು."